ಮಾಂಡ್ರೇಕ್ ಮಾಡಿದ್ದು ಮಾಯೆಯೋ, ಕಣ್ಕಟ್ಟೋ?

ಪ್ರಶ್ನೆ: ಚಿಕ್ಕಂದಿನಲ್ಲಿ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಜಾದೂಗಾರ ಮಾಂಡ್ರೇಕ್‌ನ ಕಥೆ ಓದುತ್ತಿದ್ದೆ. ಅವನು ಕೈ ಆಡಿಸಿದರೆ ಸಾಕು, ಕಳ್ಳರ ಪಿಸ್ತೂಲು ಹಾವಾಗುತ್ತಿತ್ತು. ಅದೆಲ್ಲ ಬರೀ ಹಿಪ್ನಾಟಿಸಂ ಅಂತ ಕಥೆಯಲ್ಲೇ ಹೇಳುತ್ತಿದ್ದರು. ಈಚೆಗೆ 1934ರ ಮೊದಮೊದಲ ಕಥೆಗಳನ್ನು ಓದಿದೆ. ಅಲ್ಲಿ ಅವನಿಗೆ ನಿಜವಾದ ಮಾಯಾಶಕ್ತಿಯೇ ಇರುವ ಹಾಗಿದೆ. ಯಾವುದು ಸರಿ? ನಡುವೆ ಯಾಕೆ ಬದಲಾಯಿಸಿದರು? ಒಂದೇ ಸಲಕ್ಕೆ ಅಷ್ಟು ಜನರಿಗೆ ಹಿಪ್ನಾಟಿಸಂ ಮಾಡೋಕೆ ನಿಜಕ್ಕೂ ಆಗುತ್ತಾ?

ಉತ್ತರ: ನೀವು ಓದಿದ್ದು ಎರಡೂ ಸರಿ. ಮಾಂಡ್ರೇಕ್ ಹುಟ್ಟಿದಾಗ ಅಸಲಿ ಮಾಂತ್ರಿಕನೇ ಆಗಿದ್ದ. ಮಾಯವಾಗುತ್ತಿದ್ದ, ಗಾಳಿಯಲ್ಲಿ ತೇಲುತ್ತಿದ್ದ, ಬೇರೆ ರೂಪ ತಾಳುತ್ತಿದ್ದ. ಆಮೇಲೆ ಅವನ ಕರ್ತೃವೇ ಆ ಶಕ್ತಿಯನ್ನು ನಿಧಾನವಾಗಿ ಕಿತ್ತುಕೊಂಡು ಹಿಪ್ನಾಟಿಸಂ ಒಂದನ್ನೇ ಅವನ ಕೈಗೆ ಕೊಟ್ಟ. ನನ್ನ ಮಟ್ಟಿಗೆ ಆ ಸ್ಟ್ರಿಪ್ (ಅಂದರೆ ದಿನಪತ್ರಿಕೆಯಲ್ಲಿ ಕಂತುಕಂತಾಗಿ ಬರುವ ಚಿತ್ರಕಥೆ) ಎಂಬತ್ತು ವರ್ಷಕ್ಕೆ ಹತ್ತಿರ ಬಾಳಿದ್ದಕ್ಕೆ ದೊಡ್ಡ ಕಾರಣ ಅದೇ.

ಮೊದಲು ಹುಟ್ಟಿನ ಕಥೆ. ಮಾಂಡ್ರೇಕ್‌ನನ್ನು ಹುಟ್ಟುಹಾಕಿದ್ದು ಲೀ ಫಾಕ್. ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಲೂಯಿಸ್ ಊರಿನವನು, 1911ರಲ್ಲಿ ಹುಟ್ಟಿದವನು. ಮಾಂಡ್ರೇಕ್ ಪತ್ರಿಕೆಗಳಲ್ಲಿ ಶುರುವಾದದ್ದು 1934ರ ಜೂನ್ 11ರ ಸೋಮವಾರ. ಆಗ ಫಾಕ್‌ಗೆ 23 ವರ್ಷ. ಮೊದಲ ಒಂದಷ್ಟು ಸ್ಟ್ರಿಪ್‌ಗಳ ಚಿತ್ರವನ್ನು ಅವನೇ ಬರೆದಿದ್ದ. ಆಮೇಲೆ ಅದೇ ಊರಿನ ಫಿಲ್ ಡೇವಿಸ್ ಚಿತ್ರದ ಹೊಣೆ ಹೊತ್ತು 1964ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ. ಇನ್ನೊಂದು ವಿಷಯ ನಮ್ಮವರಿಗೆ ಗೊತ್ತಿರಲಿ: ನಾವೆಲ್ಲ ಹುಚ್ಚೆದ್ದು ಓದಿದ ಫ್ಯಾಂಟಮ್ ಕೂಡ ಇದೇ ಫಾಕ್‌ನದು. ಫ್ಯಾಂಟಮ್ ಬಂದದ್ದು 1936ರಲ್ಲಿ, ಅಂದರೆ ಮಾಂಡ್ರೇಕ್ ಅಣ್ಣ, ಫ್ಯಾಂಟಮ್ ತಮ್ಮ.

ಸ್ಟ್ರಿಪ್ ಮಾರಲು ನ್ಯೂಯಾರ್ಕ್‌ಗೆ ಹೋದಾಗ ಫಾಕ್ ತನ್ನ ಬಗ್ಗೆ ಚೆನ್ನಾಗಿಯೇ ಬಿಟ್ಟಿದ್ದ. ತಾನು ಜಗತ್ತೆಲ್ಲ ಸುತ್ತಿದವನು, ಪೂರ್ವ ದೇಶಗಳ ಸಾಧುಸಂತರ ಹತ್ತಿರ ವಿದ್ಯೆ ಕಲಿತವನು ಅಂತ. ನಿಜ ಏನಪ್ಪಾ ಅಂದರೆ, ಆ ನ್ಯೂಯಾರ್ಕ್ ಪ್ರಯಾಣವೇ ಅವನು ಅಲ್ಲಿಯವರೆಗೆ ಮನೆಯಿಂದ ಅತಿ ದೂರ ಹೋದದ್ದು! ಈ ಸುಳ್ಳನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲ ಕಥೆ ‘ಕೋಬ್ರಾ’. ಜಗತ್ತನ್ನೇ ಕೈವಶ ಮಾಡಿಕೊಳ್ಳಬೇಕು ಅಂತ ಹೊರಟ ಮುಸುಕುಧಾರಿ ಖಳನ ಕಥೆ. ಜೂನ್‌ನಲ್ಲಿ ಶುರುವಾಗಿ ನವೆಂಬರ್ ಕೊನೆಯವರೆಗೆ, ಸುಮಾರು ಐದೂವರೆ ತಿಂಗಳು ಓಡಿತು. ಭಾನುವಾರ ಬಿಟ್ಟು ದಿನಕ್ಕೆ ಒಂದು ಪಟ್ಟಿ, ಪಟ್ಟಿಗೆ ಮೂರೋ ನಾಲ್ಕೋ ಚೌಕ. ಬೆಳಿಗ್ಗೆ ಪೇಪರ್ ಬಿಡಿಸಿದವನಿಗೆ ಸಿಗುತ್ತಿದ್ದದ್ದು ಅಷ್ಟೇ. ಭಾನುವಾರದ ಬಣ್ಣದ ಪುಟ ಬಂದದ್ದು 1935ರ ಫೆಬ್ರುವರಿಯಲ್ಲಿ, ಅದರಲ್ಲಿ ಬೇರೆಯೇ ಕಥೆ ನಡೆಯುತ್ತಿತ್ತು.

ಈಗ ಕಥೆ ಬರೆಯುವವನ ಜಾಗದಲ್ಲಿ ನೀವೇ ಕೂತು ನೋಡಿ. ನಿಮ್ಮ ನಾಯಕ ಏನು ಬೇಕಾದರೂ ಮಾಡಬಲ್ಲ. ಖಳ ಅವನನ್ನು ಕೋಣೆಯಲ್ಲಿ ಕೂಡಿಹಾಕಿದರೆ ಮಾಯವಾಗುತ್ತಾನೆ. ಬೆಟ್ಟದಿಂದ ತಳ್ಳಿದರೆ ತೇಲುತ್ತಾನೆ. ಇವತ್ತಿನ ಕೊನೆಯ ಚೌಕದಲ್ಲಿ ಅವನಿಗೆ ಎಂಥ ಗಂಡಾಂತರ ತಂದರೂ ಓದುಗ ಆಕಳಿಸಿ ಪುಟ ಮಗುಚುತ್ತಾನೆ. ‘ನಾಳೆ ಮಂತ್ರ ಹಾಕ್ತಾನೆ ಬಿಡು’ ಅಂತ ಅವನಿಗೆ ಗೊತ್ತು. ದಿನಪತ್ರಿಕೆಯ ಸ್ಟ್ರಿಪ್ ನಿಂತಿರುವುದೇ ‘ನಾಳೆ ಏನಾಗುತ್ತೋ’ ಅನ್ನುವ ಒಂದೇ ಕಾಲಿನ ಮೇಲೆ. ಅದು ಹೋದರೆ ಸ್ಟ್ರಿಪ್ ಹೋಯಿತು. ವಾರಕ್ಕೆ ಆರು ದಿನ, ವರ್ಷಗಟ್ಟಲೆ ಇದನ್ನು ಬರೆಯಬೇಕಿದ್ದವನಿಗೆ ಈ ತೊಂದರೆ ಬೇಗನೇ ತಿಳಿದಿರಬೇಕು.

ಹಾಗಂತ ಮ್ಯಾಜಿಕ್ಕನ್ನೇ ತೆಗೆದುಹಾಕಿದರೆ ಮಾಂಡ್ರೇಕ್ ಉಳಿಯುವುದಿಲ್ಲ. ಟಾಪ್ ಹ್ಯಾಟು, ಬಾಲದ ಕೋಟು, ಒಳಗೆ ಕೆಂಪು ಬಟ್ಟೆ ಇರುವ ಮೇಲಂಗಿ, ಚೂಪು ಮೀಸೆ ಇಟ್ಟುಕೊಂಡ ಒಬ್ಬ ಸಾಮಾನ್ಯ ಪತ್ತೇದಾರ ಯಾರಿಗೆ ಬೇಕು? ಫಾಕ್ ಕಂಡುಕೊಂಡ ದಾರಿ ಜಾಣತನದ್ದು. ನೋಟವನ್ನು ಹಾಗೇ ಇಟ್ಟ, ಬಲವನ್ನು ಮಾತ್ರ ಕಮ್ಮಿ ಮಾಡಿದ. ಮಾಂಡ್ರೇಕ್ ಕೈ ಆಡಿಸಿದಾಗ ಓದುಗನಿಗೆ ಕಾಣುವ ಚಮತ್ಕಾರ ಮೊದಲಿನಷ್ಟೇ ಭರ್ಜರಿ. ಆದರೆ ಅದು ಎದುರಿಗಿರುವವನ ತಲೆಯೊಳಗೆ ಮಾತ್ರ ನಡೆಯುತ್ತಿದೆ. ಪಿಸ್ತೂಲು ಪಿಸ್ತೂಲಾಗಿಯೇ ಇದೆ. ಒಳಗೆ ಗುಂಡೂ ಹಾಗೇ ಇದೆ.

ಇದರಿಂದ ಏನಾಯಿತು ಅಂತ ಒಂದು ಮಾದರಿ ಪಟ್ಟಿಯನ್ನು ಹತ್ತಿರದಿಂದ ನೋಡೋಣ. ಮೊದಲ ಚೌಕ: ಗೂಂಡಾ ಪಿಸ್ತೂಲು ಹಿಡಿದಿದ್ದಾನೆ, ಮಾಂಡ್ರೇಕ್ ಎರಡು ಹೆಜ್ಜೆ ದೂರದಲ್ಲಿ ತಣ್ಣಗೆ ನಿಂತಿದ್ದಾನೆ. ಎರಡನೇ ಚೌಕ: ಮಾಂಡ್ರೇಕ್‌ನ ಬೆರಳುಗಳು ಚಾಚಿವೆ, ಮೇಲೆ ಒಂದು ಸಾಲು, ‘ಮಾಂಡ್ರೇಕ್ ಸಮ್ಮೋಹನದ ಸಂಜ್ಞೆ ಮಾಡುತ್ತಾನೆ’. ಮೂರನೇ ಚೌಕ: ಗೂಂಡಾನ ಕೈಯಲ್ಲಿ ಹೆಡೆ ಬಿಚ್ಚಿದ ಹಾವು, ಅವನ ಬಾಯಿ ಅಷ್ಟಗಲ. ನಾಲ್ಕನೇ ಚೌಕ ಇದ್ದರೆ, ಅವನು ಅದನ್ನು ಕೊಡವಿ ಎಸೆದಿದ್ದಾನೆ. ನೆಲದ ಮೇಲೆ ಬಿದ್ದಿರುವುದು ಪಿಸ್ತೂಲೇ.

ಆ ನೆಲದ ಮೇಲಿನ ಪಿಸ್ತೂಲಿನಲ್ಲೇ ಇರುವುದು ಕಥೆ. ಗೂಂಡಾ ಎಚ್ಚೆತ್ತುಕೊಂಡು ಅದನ್ನು ಮತ್ತೆ ಎತ್ತಿಕೊಳ್ಳಬಹುದು. ಇನ್ನೊಬ್ಬ ಹಿಂದಿನಿಂದ ಬಂದು ಎತ್ತಬಹುದು. ಮಾಂಡ್ರೇಕ್‌ಗೆ ಸಿಕ್ಕಿರುವುದು ಗೆಲುವಲ್ಲ, ನಾಲ್ಕೈದು ಕ್ಷಣ ಅಷ್ಟೆ. ಆ ಕ್ಷಣಗಳನ್ನು ಬಳಸಿಕೊಳ್ಳಲು ಯಾರಾದರೂ ಬೇಕು. ಆ ಯಾರಾದರೂ ಲೊಥಾರ್.

ಲೊಥಾರ್ ಮೊದಲ ದಿನದ ಪಟ್ಟಿಯಿಂದಲೇ ಇದ್ದಾನೆ. ಆಫ್ರಿಕಾದ ಏಳು ಬುಡಕಟ್ಟುಗಳ ಒಕ್ಕೂಟದ ರಾಜಕುಮಾರ. ಪಟ್ಟ ಬೇಡ ಅಂತ ಬಿಟ್ಟು ಮಾಂಡ್ರೇಕ್ ಜೊತೆ ಊರೂರು ಸುತ್ತುತ್ತಾನೆ. ಶುರುವಿನಲ್ಲಿ ಅವನನ್ನು ತೋರಿಸಿದ ರೀತಿ ಇವತ್ತು ಓದಿದರೆ ಮುಜುಗರವಾಗುತ್ತದೆ: ತಲೆಗೆ ಕೆಂಪು ಕುಲಾವಿ, ಮೈಗೆ ಚಿರತೆ ಚರ್ಮ, ಬಾಯಲ್ಲಿ ಹರುಕು ಮುರುಕು ಇಂಗ್ಲಿಷ್. ಆ ಕಾಲದಲ್ಲಿ ಅವನನ್ನು ಮಾಂಡ್ರೇಕ್‌ನ ದೈತ್ಯ ಗುಲಾಮ ಅಂತಲೇ ಕರೆದದ್ದೂ ಉಂಟು. ನೀವು ಹಳೆಯದನ್ನು ಓದಿದ್ದೀರಿ, ಗಮನಿಸಿರುತ್ತೀರಿ. ಅದನ್ನು ‘ಕಾಲ ಹಾಗಿತ್ತು’ ಅಂತ ತೇಲಿಸಿಬಿಡುವುದು ನನಗೆ ಒಪ್ಪಿಗೆಯಿಲ್ಲ. ಕಾಲ ಹಾಗಿತ್ತು, ಚಿತ್ರವೂ ಕೆಟ್ಟದಾಗಿತ್ತು. ಆದರೆ ಮಾಂಡ್ರೇಕ್‌ನ ಮಾಯೆ ಕಣ್ಕಟ್ಟಾದ ಮೇಲೆ ಲೊಥಾರ್‌ನ ಸ್ಥಾನ ತಾನೇ ತಾನಾಗಿ ಮೇಲೇರಿತು. ಅಸಲಿ ಮಾಂತ್ರಿಕನ ಪಕ್ಕದಲ್ಲಿ ಬಲಶಾಲಿ ಇದ್ದರೆ ಸುಮ್ನೆ ಪೆಟ್ಟಿಗೆ ಹೊರುವುದಕ್ಕೆ. ಕಣ್ಕಟ್ಟಿನವನ ಪಕ್ಕದಲ್ಲಿ ಇದ್ದರೆ ಅರ್ಧ ಕೆಲಸ ಅವನದೇ. ಒಬ್ಬ ಕಣ್ಣು ಕಟ್ಟುತ್ತಾನೆ, ಇನ್ನೊಬ್ಬ ಕೈಕಾಲು ಕಟ್ಟುತ್ತಾನೆ. 1965ರಲ್ಲಿ ಫ್ರೆಡ್ ಫ್ರೆಡರಿಕ್ಸ್ ಚಿತ್ರಕಾರನಾಗಿ ಬಂದ ಮೇಲೆ ಲೊಥಾರ್ ನೆಟ್ಟಗೆ ಮಾತಾಡಲು ಶುರುಮಾಡಿದ, ಬಟ್ಟೆಯೂ ಬದಲಾಯಿತು. ನಮ್ಮ ಇಂದ್ರಜಾಲದ ಓದುಗರಿಗೆ ಜಾಸ್ತಿ ಪರಿಚಯ ಇರುವುದು ಈ ಲೊಥಾರ್.

ಕಣ್ಕಟ್ಟಿಗೆ ಇನ್ನೂ ಮಿತಿಗಳಿವೆ. ಎದುರಾಳಿ ನೋಡದಿದ್ದರೆ ಅದು ನಡೆಯುವುದಿಲ್ಲ. ಕತ್ತಲಲ್ಲಿ, ದೂರದ ಮಾಳಿಗೆಯಿಂದ ಗುರಿ ಇಟ್ಟವನ ಎದುರು, ಬೆನ್ನ ಹಿಂದಿನಿಂದ ಬಂದು ತಲೆಗೆ ಬಡಿಯುವವನ ಎದುರು ಮಾಂಡ್ರೇಕ್ ನಮ್ಮ ನಿಮ್ಮಂಥ ಮನುಷ್ಯ. ಕೈ ಕಟ್ಟಿಹಾಕಿದರೆ ಸಂಜ್ಞೆಯೂ ಇಲ್ಲ. ಈ ಒಂದೊಂದು ಮಿತಿಯೂ ಬರೆಯುವವನಿಗೆ ಒಂದೊಂದು ಕಥೆಯ ಬಾಗಿಲು. ಸಿದ್ಧಿ ಇರುವ ನಾಯಕನಿಗಿಂತ ಮಿತಿ ಇರುವ ನಾಯಕನಿಂದ ಎಷ್ಟೋ ಜಾಸ್ತಿ ಕಥೆ ಹುಟ್ಟುತ್ತದೆ ಅನ್ನುವುದಕ್ಕೆ ಮಾಂಡ್ರೇಕ್‌ನ ನಕಲುಗಳನ್ನು ನೋಡಿ. 1938ರಲ್ಲಿ ಸೂಪರ್‌ಮ್ಯಾನ್ ಮೊದಲು ಬಂದ ಅದೇ ಸಂಚಿಕೆಯಲ್ಲಿ ಜಟಾರಾ ಅನ್ನುವ ಜಾದೂಗಾರನೂ ಇದ್ದ. ಅದೇ ಟಾಪ್ ಹ್ಯಾಟು, ಅದೇ ಕೋಟು, ಜೊತೆಗೊಬ್ಬ ದಾಂಡಿಗ. ಆದರೆ ಅವನದು ಅಸಲಿ ಮಾಯೆ, ಮಾತನ್ನು ಹಿಂದುಮುಂದಾಗಿ ಹೇಳಿದರೆ ಏನು ಬೇಕಾದರೂ ಆಗುತ್ತಿತ್ತು. ಇವತ್ತು ಮಾಂಡ್ರೇಕ್ ಹೆಸರು ಕೇಳಿದವರಲ್ಲಿ ಜಟಾರಾ ಗೊತ್ತಿರುವವರು ಎಷ್ಟು ಜನ?

ಇನ್ನು ಹಿಪ್ನಾಟಿಸಂ ಎಲ್ಲಿಂದ ಬಂತು ಅನ್ನುವ ಮಾತು. ಇದು ನನಗೆ ಬಹಳ ಇಷ್ಟದ ಭಾಗ, ಯಾಕೆಂದರೆ ಇದರಲ್ಲಿ ನಮ್ಮ ದೇಶವೂ ಸೇರಿಕೊಂಡಿದೆ.

1890ರ ಆಗಸ್ಟ್‌ನಲ್ಲಿ ಚಿಕಾಗೋ ಟ್ರಿಬ್ಯೂನ್ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಇಬ್ಬರು ಅಮೆರಿಕನ್ನರು ಭಾರತಕ್ಕೆ ಹೋಗಿದ್ದರಂತೆ. ಒಬ್ಬ ಚಿತ್ರ ಬರೆಯುವವನು, ಇನ್ನೊಬ್ಬ ಫೋಟೋ ತೆಗೆಯುವವನು. ಬೀದಿಯಲ್ಲಿ ಒಬ್ಬ ಫಕೀರ ದಾರದ ಉಂಡೆಯನ್ನು ಮೇಲಕ್ಕೆ ಎಸೆದ, ಅದು ಆಕಾಶದಲ್ಲಿ ನಿಂತಿತು, ಹುಡುಗನೊಬ್ಬ ಅದನ್ನು ಹತ್ತಿ ಮಾಯವಾದ. ಚಿತ್ರಕಾರ ಕಂಡದ್ದನ್ನು ಬರೆದುಕೊಂಡ. ಆದರೆ ಫೋಟೋ ತೊಳೆದು ನೋಡಿದರೆ ದಾರವೂ ಇಲ್ಲ, ಹುಡುಗನೂ ಇಲ್ಲ, ಫಕೀರ ಸುಮ್ನೆ ಕೂತಿದ್ದಾನೆ! ಹಾಗಾಗಿ ಅವನು ಇಡೀ ಗುಂಪಿಗೆ ಹಿಪ್ನಾಟಿಸಂ ಮಾಡಿದ್ದ ಅಂತ ಲೇಖನದ ತೀರ್ಮಾನ. ಸುದ್ದಿ ಲೋಕವೆಲ್ಲ ಹರಡಿತು. ಕೆಲವು ತಿಂಗಳ ನಂತರ ಪತ್ರಿಕೆಯೇ ಒಪ್ಪಿಕೊಂಡಿತು, ಇಡೀ ಲೇಖನ ಕಟ್ಟುಕಥೆ, ಆ ಇಬ್ಬರು ಪ್ರಯಾಣಿಕರೇ ಇಲ್ಲ ಅಂತ. ಬರೆದವನು ಜಾನ್ ವಿಲ್ಕಿ ಅನ್ನುವ ಪತ್ರಕರ್ತ. ಮುಂದೆ ಅವನು ಅಮೆರಿಕದ ಸೀಕ್ರೆಟ್ ಸರ್ವಿಸ್‌ಗೇ ಮುಖ್ಯಸ್ಥನಾದ. ಇರಲಿ, ಅದು ಬೇರೆ ಮಜಾ.

ತಿದ್ದುಪಡಿ ಯಾರ ಕಣ್ಣಿಗೂ ಬೀಳಲಿಲ್ಲ, ಸುಳ್ಳು ಮಾತ್ರ ಉಳಿಯಿತು. ಹೀಗೆ ಹಗ್ಗ ಹತ್ತಿ ಮಾಯವಾಗುವ ಆಟ ನೋಡಿದ್ದೇವೆ ಅನ್ನುವವರು ಮುಂದಿನ ನಲವತ್ತು ವರ್ಷ ಸಿಗುತ್ತಲೇ ಇದ್ದರು. ಪೂರ್ವದ ದೇಶಗಳ ಸಿದ್ಧರು ಗುಂಪುಗುಂಪಾಗಿ ಜನರ ಕಣ್ಣು ಕಟ್ಟಬಲ್ಲರು ಅನ್ನುವ ನಂಬಿಕೆ ಪಾಶ್ಚಾತ್ಯರಲ್ಲಿ ಗಟ್ಟಿಯಾಗಿ ಕೂತಿತು. 1934ರಲ್ಲಿ, ಅಂದರೆ ಮಾಂಡ್ರೇಕ್ ಹುಟ್ಟಿದ ವರ್ಷವೇ, ಲಂಡನ್ನಿನ ಮ್ಯಾಜಿಕ್ ಸರ್ಕಲ್ ಅನ್ನುವ ಜಾದೂಗಾರರ ಸಂಘ, ಬಯಲಿನಲ್ಲಿ ಈ ಹಗ್ಗದ ಆಟ ಮಾಡಿ ತೋರಿಸಿದವರಿಗೆ 500 ಗಿನಿ (ಬ್ರಿಟಿಷರ ಹಳೆಯ ಹಣದ ಲೆಕ್ಕ) ಬಹುಮಾನ ಕೊಡುವುದಾಗಿ ಸಾರಿತ್ತು. ಅಮೆರಿಕದ ರೇಡಿಯೋದಲ್ಲಿ ಆಗಲೇ ಚಂದು ಅನ್ನುವ ಜಾದೂಗಾರನ ಧಾರಾವಾಹಿ ಬರುತ್ತಿತ್ತು. ಅವನೂ ಭಾರತದ ಯೋಗಿಯೊಬ್ಬನಿಂದ ವಿದ್ಯೆ ಕಲಿತ ಅಮೆರಿಕನ್ನನೇ.

ಈಗ ಫಾಕ್ ಹೇಳಿದ ಸುಳ್ಳು ನೆನಪಿಗೆ ತಂದುಕೊಳ್ಳಿ. ಪೂರ್ವದ ಸಾಧುಗಳ ಹತ್ತಿರ ಕಲಿತೆ ಅಂತ ಅವನು ಕೊಚ್ಚಿಕೊಂಡದ್ದು ಯಾಕೆ? ಆಗಿನ ಓದುಗ ಅದನ್ನು ನಂಬಲು ತಯಾರಿದ್ದ. ಮಾಂಡ್ರೇಕ್ ಕೂಡ ವಿದ್ಯೆ ಕಲಿತದ್ದು ಹಿಮಾಲಯದಲ್ಲಿರುವ ಮಾಯಾವಿದ್ಯೆಯ ಕಾಲೇಜಿನಲ್ಲಿ. ಫಾಕ್ ಆ ಚಿಕಾಗೋ ಲೇಖನವನ್ನೇ ಓದಿದ್ದ ಅಂತ ನಾನು ಹೇಳುತ್ತಿಲ್ಲ, ಓದಬೇಕಾಗಿಯೂ ಇರಲಿಲ್ಲ. ಗಾಳಿಯಲ್ಲೇ ಆ ಮಾತಿತ್ತು. ‘ಕೈ ಆಡಿಸಿದ, ಎಲ್ಲರಿಗೂ ಕಣ್ಕಟ್ಟಾಯಿತು’ ಅಂದರೆ 1930ರ ದಶಕದ ಓದುಗನಿಗೆ ಅದು ಮಂತ್ರವಲ್ಲ, ಹೆಚ್ಚುಕಮ್ಮಿ ವಿಜ್ಞಾನ. ಹಿಪ್ನಾಟಿಸಂ ಫಾಕ್‌ಗೆ ಅಷ್ಟು ಸಲೀಸಾಗಿ ಒದಗಿ ಬಂದದ್ದು ಹಾಗೆ.

ಮಾಂಡ್ರೇಕ್ ಮಾಡುವ ಹಾಗೆ ನಿಜವಾಗಿ ಮಾಡಲು ಆಗುತ್ತಾ ಅಂದಿರಿ. ಖಂಡಿತ ಆಗುವುದಿಲ್ಲ. ನಿಜವಾದ ಹಿಪ್ನಾಟಿಸಂಗೆ ಎದುರಿನವರ ಒಪ್ಪಿಗೆ ಬೇಕು, ಗಮನ ಬೇಕು, ಸಾಮಾನ್ಯವಾಗಿ ಒಂದಷ್ಟು ಹೊತ್ತೂ ಬೇಕು. ಎಲ್ಲರೂ ಒಂದೇ ತರ ಒಳಗಾಗುವುದೂ ಇಲ್ಲ. ಕೆಲವರು ಬೇಗ, ಕೆಲವರು ಇಲ್ಲವೇ ಇಲ್ಲ. ವೇದಿಕೆಯಲ್ಲಿ ಹಿಪ್ನಾಟಿಸಂ ಪ್ರದರ್ಶನ ಕೊಡುವವರು ಅದಕ್ಕೇ ಮೊದಲು ಸಣ್ಣಪುಟ್ಟ ಪರೀಕ್ಷೆ ಮಾಡಿ, ಒಳ್ಳೆಯ ಗಿರಾಕಿಗಳನ್ನು ಆರಿಸಿಕೊಂಡು ಮೇಲೆ ಕರೆಯುವುದು. ನಿಮ್ಮನ್ನು ಕೊಲ್ಲಬೇಕು ಅಂತ ನುಗ್ಗಿ ಬರುವ ಹತ್ತು ಜನರಿಗೆ ಅರ್ಧ ಸೆಕೆಂಡಿನಲ್ಲಿ, ಅದೂ ಹತ್ತು ಜನರಿಗೂ ಒಂದೇ ಹುಲಿ ಕಾಣುವ ಹಾಗೆ ಮಾಡುವುದು ಕಾಮಿಕ್ಸ್‌ನಲ್ಲಿ ಮಾತ್ರ. ಕ್ಯಾಮರಾಗೆ ಕಾಣದ್ದು ಗುಂಪಿಗೆಲ್ಲ ಕಂಡಿತು ಅನ್ನುವ ಕಥೆಗಳನ್ನೂ ಇದೇ ಲೆಕ್ಕಕ್ಕೆ ಹಾಕಿ.

ನಾನು ಒಪ್ಪುವ ಇನ್ನೊಂದು ಕಾರಣ ಫಾಕ್‌ನ ನಾಟಕದ ನಂಟು. ಅವನು ಜೀವನವಿಡೀ ರಂಗಭೂಮಿಯ ಮನುಷ್ಯ. ನಾಟಕ ಬರೆದ, ನಿರ್ದೇಶಿಸಿದ, ರಂಗಮಂದಿರಗಳನ್ನೇ ನಡೆಸಿದ. 1953ರಲ್ಲಿ ಮರ್ಲನ್ ಬ್ರಾಂಡೋ ಅಭಿನಯಿಸಿದ ಒಂದು ನಾಟಕಕ್ಕೆ ಇವನೇ ನಿರ್ಮಾಪಕ. ವೇದಿಕೆಯ ಮೇಲೆ ಕಾಣುವುದೆಲ್ಲ ಹುಸಿ ಅಂತ ಗೊತ್ತಿದ್ದೂ ಜನ ಉಸಿರು ಬಿಗಿಹಿಡಿದು ಕೂರುತ್ತಾರೆ ಅನ್ನುವುದು ಅವನಿಗೆ ದಿನನಿತ್ಯದ ಅನುಭವ. ಮಾಂಡ್ರೇಕ್‌ನ ಹುಲಿ ಹುಸಿ ಅಂತ ಓದುಗನಿಗೆ ಹೇಳಿಬಿಡಲು ಅವನು ಹೆದರಲಿಲ್ಲ. ಓದುಗನಿಗೆ ಗೊತ್ತು, ಖಳನಿಗೆ ಗೊತ್ತಿಲ್ಲ. ಅಲ್ಲಿ ಹೆದರಿಕೆಯ ಜೊತೆಗೆ ನಗುವೂ ಹುಟ್ಟುತ್ತದೆ. ಫ್ಯಾಂಟಮ್‌ನಲ್ಲಿ ಕಾಣದ ತುಂಟತನ ಮಾಂಡ್ರೇಕ್‌ನಲ್ಲಿ ಇರುವುದು ಇದರಿಂದಲೇ ಅನ್ನಿಸುತ್ತದೆ. ಇಬ್ಬರ ಅಪ್ಪನೂ ಒಬ್ಬನೇ ಆದರೂ ಒಬ್ಬ ಮುಷ್ಟಿ ಎತ್ತುತ್ತಾನೆ, ಇನ್ನೊಬ್ಬ ಹುಬ್ಬು ಎತ್ತುತ್ತಾನೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ತಕರಾರು ನೀವೇ ತೆಗೆಯಬಹುದು. ‘ಹಾಗಾದರೆ ಆ ಸ್ಫಟಿಕದ ಘನಗಳು?’ ಹೌದು, ಅದೂ ಇದೆ. ಮೊದಲ ಕಥೆಯ ಕೋಬ್ರಾ ಹಿಂದೆಯೇ ಸೋತು ಹೋಗಿದ್ದ. 1965ರಲ್ಲಿ ಬೆಳ್ಳಿಯ ಮುಖವಾಡ ಹಾಕಿಕೊಂಡು ಪುನಃ ಬಂದ. ಅವನಿಗೆ ಬೇಕಾದದ್ದು ಮನಸ್ಸಿನ ಶಕ್ತಿಯನ್ನು ಹೆಚ್ಚಿಸುವ ಎರಡು ಸ್ಫಟಿಕದ ಘನಗಳಲ್ಲಿ ಒಂದು. ಅವುಗಳನ್ನು ಕಾಯುತ್ತಿರುವವರು ಮಾಂಡ್ರೇಕ್ ಮತ್ತು ಅವನ ಅಪ್ಪ, ಆ ಮಾಯಾ ಕಾಲೇಜಿನ ಮುಖ್ಯಸ್ಥ ಥೆರಾನ್. ಕೊನೆಗೆ ನೋಡಿದರೆ ಕೋಬ್ರಾ ಬೇರೆ ಯಾರೂ ಅಲ್ಲ, ಥೆರಾನ್‌ನ ಹಿರಿಮಗ ಲೂಸಿಫರ್, ಮಾಂಡ್ರೇಕ್‌ನ ಮಲಅಣ್ಣ! ಮೂವತ್ತು ವರ್ಷ ಕಾದು ಮೊದಲ ಖಳನನ್ನು ಮನೆಯವನನ್ನಾಗಿ ಮಾಡಿದ ಈ ತಿರುವು ನನಗೆ ಸ್ವಲ್ಪ ಜಾಸ್ತಿಯೇ ಅನ್ನಿಸಿದ್ದುಂಟು. ಅವಳಿ ತಮ್ಮ ಡೆರೆಕ್, ತಂಗಿ ಲೆನೋರ್, ಎಲ್ಲರೂ ಸೇರಿ ಮಾಂಡ್ರೇಕ್‌ನ ಮನೆ ತುಂಬಿಹೋಯಿತು. ಅಪ್ಪನಿಂದ ಬಂದ ಟೋಪಿ, ಮೇಲಂಗಿ, ಕೋಲಿಗೂ ಅಸಲಿ ಶಕ್ತಿ ಇದೆ ಅಂತಾಯಿತು.

ಅಂದರೆ ಮುಂಬಾಗಿಲಿನಿಂದ ಆಚೆ ಕಳಿಸಿದ ಮಾಯೆ ಹಿತ್ತಲ ಬಾಗಿಲಿನಿಂದ ಒಳಗೆ ಬಂತು. ಆದರೂ ಫಾಕ್ ಒಂದು ವಿಷಯದಲ್ಲಿ ಹುಷಾರಾಗಿದ್ದ. ಅಸಲಿ ಶಕ್ತಿಯನ್ನು ವಸ್ತುಗಳಲ್ಲಿಟ್ಟ, ಮಾಂಡ್ರೇಕ್‌ನ ಬೆರಳುಗಳಲ್ಲಿ ಇಡಲಿಲ್ಲ. ವಸ್ತುವನ್ನು ಕದಿಯಬಹುದು, ಕಳೆದುಕೊಳ್ಳಬಹುದು, ಅದಕ್ಕಾಗಿ ಹೊಡೆದಾಡಬಹುದು. ಮಾಂಡ್ರೇಕ್ ಬಾಹ್ಯಾಕಾಶದವರನ್ನು, ಬೇರೆ ಆಯಾಮದ ಜೀವಿಗಳನ್ನು ಎದುರಿಸಿದ ಕಥೆಗಳಲ್ಲೂ ಅಷ್ಟೇ. ವಿಚಿತ್ರವೆಲ್ಲ ಎದುರಾಳಿಯ ಕಡೆ. ಹತ್ತು ಲಕ್ಷ ಗ್ರಹಗಳ ಚಕ್ರವರ್ತಿ ಮ್ಯಾಗ್ನನ್ ಅವನ ಸ್ನೇಹಿತ. ಅಂಥವನ ಮುಂದೆಯೂ ಮಾಂಡ್ರೇಕ್ ಹತ್ತಿರ ಇರುವುದು ಹತ್ತು ಬೆರಳು ಮತ್ತು ಗಟ್ಟಿ ಧೈರ್ಯ.

ನಿಮಗೆ ಗೊಂದಲ ಹುಟ್ಟಿದ್ದಕ್ಕೆ ಇಂದ್ರಜಾಲದ ಪಾಲೂ ಸ್ವಲ್ಪ ಇದೆ. ಟೈಮ್ಸ್ ಆಫ್ ಇಂಡಿಯಾ ಬಳಗದವರು 1964ರ ಮಾರ್ಚ್‌ನಲ್ಲಿ ಅದನ್ನು ಶುರುಮಾಡಿದ್ದು ಫ್ಯಾಂಟಮ್ ಒಬ್ಬನನ್ನೇ ಇಟ್ಟುಕೊಂಡು. ಮಾಂಡ್ರೇಕ್, ಫ್ಲಾಶ್ ಗಾರ್ಡನ್ ಮೊದಲಾದವರು ಆಮೇಲೆ ಬಂದರು. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಬಂದು 1990ರಲ್ಲಿ ನಿಂತಿತು. ಪತ್ರಿಕೆಯ ಪಟ್ಟಿಗಳನ್ನು ಪುಸ್ತಕದ ಪುಟಕ್ಕೆ ಕೂರುವ ಹಾಗೆ ಕತ್ತರಿಸಿ, ಕೆಲವು ಚೌಕಗಳನ್ನು ಬಿಟ್ಟು ಜೋಡಿಸುತ್ತಿದ್ದರು. ಕಥೆಗಳೂ ಹುಟ್ಟಿದ ಕ್ರಮದಲ್ಲಿ ಬರಲಿಲ್ಲ. ಯಾವ ಕಥೆ ಯಾವ ಕಾಲದ್ದು ಅಂತ ಓದುವ ಹುಡುಗರಿಗೆ ತಿಳಿಯುವ ದಾರಿಯೇ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ ಬಿಡಿ. ಬಾಡಿಗೆ ಪುಸ್ತಕದ ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದೇ ನಮಗೆ ಮುಂದಿನ ಕಂತು.

ಈ ಬದಲಾವಣೆಯನ್ನು ನೀವೇ ನೋಡಬೇಕು ಅಂದರೆ, ಓದಿದ ಮೊದಲ ಕಥೆಗಳ ಪಕ್ಕದಲ್ಲಿ 1965ರ ಕೋಬ್ರಾ ಮರಳಿ ಬರುವ ಕಥೆಯನ್ನು ಇಟ್ಟುಕೊಳ್ಳಿ. ನಡುವೆ ‘ಮಣ್ಣಿನ ಒಂಟೆ’ ಅನ್ನುವ ಅಡ್ಡಹೆಸರಿನ ಸಾಕಿ ಬರುವ ಕಥೆ ಒಂದಾದರೂ ಇರಲಿ. ವೇಷ ಬದಲಾಯಿಸುವುದರಲ್ಲಿ ಎತ್ತಿದ ಕೈ ಅವನದು. ಕಣ್ಣು ಕಟ್ಟುವವನಿಗೆ ಕಣ್ಣು ತಪ್ಪಿಸುವವನು ಎದುರಾದರೆ ಏನಾಗುತ್ತದೆ ಅಂತ ಅಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಟೈಟನ್ ಪ್ರಕಾಶನದವರು ಹಳೆಯ ದಿನದ ಪಟ್ಟಿಗಳನ್ನೂ ಭಾನುವಾರದ ಪುಟಗಳನ್ನೂ ಬೇರೆ ಬೇರೆ ದಪ್ಪ ಪುಸ್ತಕಗಳಾಗಿ ಇಂಗ್ಲಿಷಿನಲ್ಲಿ ತಂದಿದ್ದಾರೆ. ದಿನದ ಪಟ್ಟಿಗಳಿಂದಲೇ ಶುರುಮಾಡಿ, ಮತ್ತು ಒಂದೇ ಗುಕ್ಕಿಗೆ ಓದಬೇಡಿ. ದಿನಕ್ಕೆ ಆರೇಳು ಪಟ್ಟಿ ಸಾಕು. ಒಟ್ಟಿಗೆ ಓದಿದರೆ ಪ್ರತಿ ಪಟ್ಟಿಯ ಮೊದಲ ಚೌಕದಲ್ಲಿ ಹಿಂದಿನ ದಿನದ್ದನ್ನೇ ಮತ್ತೆ ಹೇಳುವುದು ಬೇಜಾರು ತರಿಸುತ್ತದೆ.